ಸುಟ್ಟ ದಾರದ ಬುರುಡೆ

ಸಾರಕ್ಕಿ ಕೆರೆಯ ಆಚೆ, ಅರ್ಧ ರಾಗಿ ಹೊಲ, ಅರ್ಧ ಸೈಟಿನ ಕಲ್ಲುಗಳಿದ್ದ ಕಾಲದಲ್ಲಿ, ಶೀಟು ಹೊದಿಸಿದ ಒಂದು ಬಲ್ಬಿನ ಶೆಡ್ಡು ಇತ್ತು. ಹನ್ನೆರಡು ಜನ ಹೆಂಗಸರು, ಗ್ಯಾಸಿನ ಬೆಂಕಿಯ ಎರಡು ಯಂತ್ರ, ಬಲ್ಬಿನೊಳಗಿನ ಗಾಳಿ ಹೀರುವ ಒಂದು ಪಂಪು, ಅಷ್ಟೇ. ಯಜಮಾನರು ಗುರುಶಾಂತಪ್ಪ ಅದನ್ನು ಫ್ಯಾಕ್ಟರಿ ಎನ್ನುತ್ತಿದ್ದರು. ಸುತ್ತಲ ಹಳ್ಳಿಯವರಿಗೆ ಅದು ಬುರುಡೆ ಫ್ಯಾಕ್ಟ್ರಿ. ಅರೆಕೆರೆಯಲ್ಲಿ ಬಸ್ಸು ಹತ್ತುವ ಈಶ್ವರಮ್ಮನನ್ನು ಕಂಡಕ್ಟರು ದಿನಾ ಒಂದೇ ಮಾತಿನಿಂದ ರೇಗಿಸುತ್ತಿದ್ದ.

“ಏನಮ್ಮ, ಇವತ್ತು ಎಷ್ಟು ಬುರುಡೆ ಬಿಡ್ತೀರ?”

“ನಾನು ಕಟ್ಟೋಳಪ್ಪ. ಬಿಡೋಕೆ ನೀನಿದ್ದೀಯಲ್ಲ,” ಎಂದು ಈಶ್ವರಮ್ಮ ಟಿಕೇಟು ಮಡಿಸಿ ಬಳೆಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಹನ್ನೊಂದು ವರ್ಷದಿಂದ ಅವಳು ಕಟ್ಟುತ್ತಿದ್ದದ್ದು ಬುರುಡೆಯ ನರ. ಬಲ್ಬಿನ ಒಳಗೆ ಕೆಂಪಗೆ ಕಾದು ಬೆಳಗುವ ಸುರುಳಿ ತಂತಿ ಇರುತ್ತದಲ್ಲ, ತಲೆಗೂದಲಿಗಿಂತ ಸಣ್ಣದು, ಅದಕ್ಕೆ ಆ ಹೆಂಗಸರು ಇಟ್ಟ ಹೆಸರು ನರ. ಚಿಮಟದಲ್ಲಿ ಅದನ್ನು ಎತ್ತಿ, ಗಾಜಿನ ಕಾಂಡದಿಂದ ಮೇಲೆದ್ದ ಎರಡು ತಂತಿ ಕಾಲುಗಳ ತುದಿಗೆ ಸಿಕ್ಕಿಸಿ ಅದುಮಬೇಕು. ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುತ್ತದೆ. ಆ ಕೆಲಸಕ್ಕೆ ಬಡಗಣ ದಿಕ್ಕಿನ ಕಿಟಕಿಯ ಪಕ್ಕ ಒಂದು ಸ್ಟೂಲು ಇತ್ತು. ಬಿಸಿಲು ನೇರ ಬೀಳದೆ ಇಡೀ ದಿನ ಒಂದೇ ಸಮನೆ ಬೆಳಕಿರುವ ಜಾಗ. ಅದು ಈಶ್ವರಮ್ಮನ ಸ್ಟೂಲು.

ಆ ಸ್ಟೂಲು ಅವಳಿಗೆ ಸಿಕ್ಕಿದ್ದು ಗಂಡ ಪಿಳ್ಳಣ್ಣನಿಂದ. ಪಿಳ್ಳಣ್ಣ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಟ್ಟೆ ಅಂಗಡಿಯೊಂದರ ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ. ನಲವತ್ತು ದಾಟುತ್ತಲೇ ಅವನಿಗೆ ಸೂಜಿಯ ಕಣ್ಣು ಕಾಣದಾಯಿತು. ಈಶ್ವರಮ್ಮ ಊಟ ತಂದಾಗ ಪಕ್ಕದಲ್ಲಿ ಕೂತು ಒಂದು ಡಜನ್ ಸೂಜಿಗೆ ದಾರ ಪೋಣಿಸಿ, ಒಂದು ಚಿಂದಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. ಪ್ಯಾಂಟು ಹೊಲಿಸಲು ಬಂದಿದ್ದ ಗುರುಶಾಂತಪ್ಪನವರು ನಿಂತು ನೋಡಿದರು. ಹನ್ನೆರಡು ಸೂಜಿ, ಹನ್ನೆರಡೂ ಒಂದೇ ಸಲಕ್ಕೆ. ದಾರದ ತುದಿಗೆ ಎಂಜಲು ಕೂಡ ಹಚ್ಚಲಿಲ್ಲ. “ಪಿಳ್ಳಣ್ಣ, ನಿಮ್ಮ ಮನೆಯವರ್ನ ನನ್ನ ಶೆಡ್ಡಿಗೆ ಕಳಿಸ್ತೀಯಾ?” ಎಂದು ಅಲ್ಲೇ ಕೇಳಿದರು. ಪಿಳ್ಳಣ್ಣ ನಕ್ಕು, “ಕಳಿಸ್ತೀನಿ ಸಾರ್, ಬೆಳಿಗ್ಗೆ ನನ್ನ ಸೂಜಿ ಮುಗಿಸಿ ಬರ್ತಾಳೆ” ಎಂದಿದ್ದ.

ಅವನು ತೀರಿಕೊಂಡು ಐದು ವರ್ಷ. ಈಶ್ವರಮ್ಮ ಅರೆಕೆರೆಯ ತಮ್ಮನ ಮನೆ ಸೇರಿದಳು. ತಮ್ಮ ಬೈಲಪ್ಪ ಕೆಟ್ಟವನಲ್ಲ. ಆದರೂ ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿಕೊಂಡು ಹೊರಡುವ ಅಕ್ಕನಿಗೂ, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ ಅಕ್ಕನಿಗೂ ವ್ಯತ್ಯಾಸ ಇದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳ ಮರ್ಯಾದೆಯೆಲ್ಲ ಆ ಕಿಟಕಿಯ ಪಕ್ಕದ ಸ್ಟೂಲಿನ ಮೇಲಿತ್ತು.

ಆ ವರ್ಷದ ಯುಗಾದಿ ಕಳೆದ ಮೇಲೆ ಅವಳ ಕಣ್ಣಿನೊಳಗೆ ಒಂದು ಕಲೆ ಬಂದು ಕೂತಿತು. ತೊಗರಿಬೇಳೆಯಷ್ಟು ದೊಡ್ಡದು, ಬೂದಿಯ ಬಣ್ಣದ್ದು. ಯಾವುದನ್ನು ನೆಟ್ಟಗೆ ನೋಡಿದರೂ ಅದರ ಮೇಲೇ ಬಂದು ನಿಲ್ಲುತ್ತಿತ್ತು. ಓರೆಯಾಗಿ ನೋಡಿದರೆ ಸುತ್ತಲದ್ದು ಕಾಣುತ್ತಿತ್ತು. ರಸ್ತೆ ಕಾಣುತ್ತಿತ್ತು, ಬಸ್ಸು ಕಾಣುತ್ತಿತ್ತು, ಬಸ್ಸಿನ ನಂಬರು ಕಾಣುತ್ತಿರಲಿಲ್ಲ. ಒಂದು ಸೋಮವಾರ ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಹೋದಳು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಇನ್ನೊಬ್ಬರನ್ನು ಕರೆದು ತೋರಿಸಿ, ಕೊನೆಗೆ ಹೇಳಿದರು: “ಪೊರೆ ಆಗಿದ್ರೆ ತೆಗೀಬಹುದಿತ್ತಮ್ಮ. ಇದು ಕಣ್ಣಿನ ಹಿಂದುಗಡೆ. ಉರಿಯೋ ಬಲ್ಬು ನೋಡಿ ಆಯ್ತೋ, ತಾನಾಗೇ ಬಂತೋ, ಹೇಳಕ್ಕಾಗಲ್ಲ.”

ಮೊದಲ ನಾಲ್ಕು ವರ್ಷ ತಾನು ಕಟ್ಟಿದ ಬುರುಡೆಯನ್ನು ತಾನೇ ಹೊತ್ತಿಸಿ, ನರ ನೆಟ್ಟಗಿದೆಯೇ ಎಂದು ದಿಟ್ಟಿಸುತ್ತಿದ್ದದ್ದು ಅವಳಿಗೆ ನೆನಪಾಯಿತು. ಯಾರೂ ಹಾಗೆ ಮಾಡು ಎಂದಿರಲಿಲ್ಲ. ಅವಳಿಗೇ ನೋಡಬೇಕೆನಿಸುತ್ತಿತ್ತು.

ಅವಳು ಯಾರಿಗೂ ಹೇಳಲಿಲ್ಲ. ಕಣ್ಣು ಕೈಬಿಟ್ಟ ಕೆಲಸವನ್ನು ಬೆರಳು ಹಿಡಿಯಿತು. ಎಡಗೈ ಹೆಬ್ಬೆರಳಿನ ಉಗುರನ್ನು ತಂತಿ ಕಾಲಿಗೆ ಒತ್ತಿಟ್ಟರೆ ತುದಿ ಎಲ್ಲಿದೆ ಎಂದು ತಿಳಿಯುತ್ತಿತ್ತು. ಚಿಮಟದಲ್ಲಿ ಹಿಡಿದ ನರ ಸ್ಪ್ರಿಂಗಿನಂತೆ ಪುಟಿಯುತ್ತಿತ್ತು. ಆ ಪುಟಿತ ಉಗುರಿಗೆ ತಾಗಿದ ತಕ್ಷಣ ಅದುಮುತ್ತಿದ್ದಳು. ಮೊದಲ ವಾರ ತಡವಾಯಿತು. ಆಮೇಲೆ ಮುಂಚಿನಂತೆಯೇ ಆಯಿತು. ಕಿಟಕಿಯ ಕಡೆ ಮುಖ ಮಾಡಿ ಕೂರುವುದರಿಂದ ಅವಳ ಕಣ್ಣು ಎಲ್ಲಿ ನೋಡುತ್ತಿದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಎಪ್ಪತ್ತೊಂಬತ್ತನೇ ಇಸವಿಯ ಅಕ್ಟೋಬರು ಬಂತು. ಗುರುಶಾಂತಪ್ಪನವರು ಒಂದು ಹಳೆಯ ಪುಸ್ತಕ ಹಿಡಿದುಕೊಂಡು ಶೆಡ್ಡಿನ ನಡುವೆ ನಿಂತರು.

“ಎಲ್ಲರೂ ಕೇಳಿ ಇಲ್ಲಿ. ಬರೋ ಇಪ್ಪತ್ತೊಂದನೇ ತಾರೀಕಿಗೆ ಬಲ್ಬಿಗೆ ನೂರು ವರ್ಷ ತುಂಬುತ್ತೆ. ಅಮೆರಿಕದಲ್ಲಿ ಎಡಿಸನ್ ಅಂತ ಒಬ್ಬರು ಮೊದಲನೇ ಒಳ್ಳೇ ಬಲ್ಬು ಉರಿಸಿದ ದಿನ.”

“ಅದಕ್ಕೆ ಮುಂಚೆ ಕೆಟ್ಟ ಬಲ್ಬು ಇತ್ತಾ ಸಾರ್?” ಎಂದಳು ಅಕ್ಕಯಮ್ಮ. ತಯಾರಾದ ಬುರುಡೆಗಳನ್ನು ಹೊತ್ತಿಸಿ ಪರೀಕ್ಷೆ ಮಾಡುವ ಮೇಜು ಅವಳದು. ನಾಲಿಗೆ ಸ್ವಲ್ಪ ಉದ್ದ.

“ಇತ್ತಮ್ಮ. ಎಷ್ಟೋ ಜನ ಮಾಡಿದ್ರು. ಇಂಗ್ಲೆಂಡಿನಲ್ಲೂ ಒಬ್ಬರು ಮಾಡಿದ್ರು. ಹೊತ್ತಿಕೊಳ್ತಿತ್ತು, ನಿಲ್ತಿರಲಿಲ್ಲ. ಒಳಗೆ ಏನು ಹಾಕಿದ್ರೆ ನಿಲ್ಲುತ್ತೆ ಅಂತ ಇವರು ಏನೇನೋ ಸುಟ್ಟು ನೋಡಿದ್ರು. ಕಾಗದ, ತೆಂಗಿನ ನಾರು, ಬಿದಿರು. ಕೆಲಸಗಾರರ ಗಡ್ಡದ ಕೂದಲನ್ನೂ ಕಿತ್ತು ಸುಟ್ಟು ಹಾಕಿದ್ರಂತೆ.”

ಶೆಡ್ಡೆಲ್ಲ ನಕ್ಕಿತು. “ನಮ್ಮನ್ನ ಕರೆದಿದ್ರೆ ಒಂದು ಜಡೆನೇ ಕೊಡ್ತಿದ್ವಿ,” ಎಂದಳು ಅಕ್ಕಯಮ್ಮ. “ಎಲ್ಲಮ್ಮನ ಜಡೆ ಸಾಕು, ಇಡೀ ಬನಶಂಕರಿಗೆ ಬೆಳಕಾಗೋದು.” ಪಂಪಿನ ಹತ್ತಿರ ನಿಂತಿದ್ದ ಎಲ್ಲಮ್ಮ, ಇನ್ನೂ ಇಪ್ಪತ್ತೈದು ದಾಟದವಳು, ಜಡೆಯನ್ನು ಹಿಂದಕ್ಕೆ ಎಸೆದು, “ನಿನ್ನ ನಾಲಿಗೆ ಕೊಡಕ್ಕ, ಅದು ಆರೋದೇ ಇಲ್ಲ,” ಎಂದಳು.

“ಥೂ, ಆರೋದು ಅನ್ಬೇಡ,” ಎಂದಳು ಈಶ್ವರಮ್ಮ ಕಿಟಕಿಯ ಕಡೆಯಿಂದಲೇ.

ಅದು ಆ ಶೆಡ್ಡಿನ ಕಟ್ಟಳೆ. ಮನೆಯಲ್ಲಿ ದೀಪ ಆರಿತು ಎನ್ನಬಾರದು, ದೊಡ್ಡದಾಯಿತು ಎನ್ನಬೇಕು. ಮನೆಯ ಎಣ್ಣೆ ದೀಪಕ್ಕೆ ಇರುವ ಮಾತು ಕರೆಂಟಿನ ಬುರುಡೆಗೂ ಇರಲಿ ಎಂದು ಹೆಂಗಸರು ತೀರ್ಮಾನ ಮಾಡಿಕೊಂಡಿದ್ದರು. ಎಲ್ಲಮ್ಮ ಕೆಲಸಕ್ಕೆ ಸೇರಿದ ದಿನ ಪರೀಕ್ಷೆಯ ಮೇಜಿನಲ್ಲಿ ಬುರುಡೆಯೊಂದು ಪಟ್ಟೆಂದಾಗ, “ಆರೋಯ್ತು” ಎಂದು ಕೂಗಿದ್ದಳು. ಈಶ್ವರಮ್ಮ ಅವಳ ಬೆನ್ನಿಗೊಂದು ಗುದ್ದಿ, “ದೊಡ್ಡದಾಯ್ತು ಅನ್ಬೇಕು ಕಣೇ. ದಿನಾ ಬೆಳಕು ಕಟ್ಟೋ ಕೈ, ಬಾಯಲ್ಲಿ ಕತ್ತಲೆ ತರಬಾರದು,” ಎಂದು ಕಲಿಸಿದ್ದಳು.

ಗುರುಶಾಂತಪ್ಪನವರು ಪುಸ್ತಕ ತಿರುವಿದರು. “ಕೊನೆಗೆ ನಿಂತಿದ್ದು ಯಾವುದು ಗೊತ್ತಾ? ಹೊಲಿಗೆ ದಾರ. ಹತ್ತಿಯ ಹೊಲಿಗೆ ದಾರವನ್ನ ಗಾಳಿ ಆಡದ ಹಾಗೆ ಸುಟ್ಟು ಇದ್ದಿಲು ಮಾಡಿ, ಅದನ್ನೇ ನರ ಮಾಡಿದ್ರು. ಒಂದು ಕಟ್ಟೋಕೆ ಎಷ್ಟು ಮುರಿದುಹೋದವೋ. ಕೈಯಲ್ಲಿ ಹಿಡಿದು ಗಾಜು ಊದೋನ ಹತ್ತಿರ ಹೋಗೋ ದಾರೀಲೇ ಮುರೀತಿತ್ತಂತೆ.”

“ಅದನ್ನ ಕಟ್ಟಿದ ಕೈ ಯಾರದು ಸಾರ್?” ಎಂದು ಈಶ್ವರಮ್ಮ ಕೇಳಿದಳು.

ಅವರು ಎರಡು ಹಾಳೆ ಹಿಂದೆ ಮುಂದೆ ನೋಡಿದರು. “ಈ ಪುಸ್ತಕದಲ್ಲಿ ಬರೆದಿಲ್ಲಮ್ಮ. ಆದ್ರೆ ನಮ್ಮದನ್ನ ಕಟ್ಟೋರು ಯಾರು ಅಂತ ನಾನು ಹೇಳ್ತೀನಿ. ನಾವೂ ಅಂಥದ್ದೇ ಒಂದು ಮಾಡೋಣ. ದಾರದ ಬಲ್ಬು. ಆವತ್ತು ಭಾನುವಾರ, ದೀಪಾವಳಿ ಹಬ್ಬ, ಎಲ್ಲರೂ ಮನೇಲಿರ್ತೀರ. ಹಿಂದಿನ ಶುಕ್ರವಾರ ಪೂಜೆ ಮಾಡಿ ಹೊತ್ತಿಸೋಣ. ನರ ಕಟ್ಟೋರು ಈಶ್ವರಮ್ಮ.”

ಎಲ್ಲರೂ ಅವಳ ಕಡೆ ತಿರುಗಿದರು. ಈಶ್ವರಮ್ಮ, “ಆಯ್ತು ಸಾರ್,” ಎಂದಳು. ಬೇರೆ ಏನು ಹೇಳಬಹುದಿತ್ತು?

ಪೇಟೆಯಿಂದ ತಂದ ದಾರ ಬೆಂಕಿಗೆ ಹಿಡಿದರೆ ಇದ್ದಿಲಾಗದೆ ಕರಗಿ ಗುಂಡುಗುಂಡಾಯಿತು. ಟೆರಿಕಾಟ್ ಬಟ್ಟೆ ಬಂದ ಮೇಲೆ ದಾರದಲ್ಲೂ ಪಾಲಿಯೆಸ್ಟರ್ ಸೇರಿಕೊಂಡಿತ್ತು. ಆಗ ಈಶ್ವರಮ್ಮ ಮನೆಯ ಟ್ರಂಕಿನ ತಳದಿಂದ ಪಿಳ್ಳಣ್ಣನ ಕೊನೆಯ ರೀಲು ತಂದಳು. ಬಿಳಿಯ ಹತ್ತಿ ದಾರ, ಮೇಲಿನ ಸುತ್ತು ಹಳದಿಯಾಗಿತ್ತು. ಅವನು ಅದರಲ್ಲಿ ಅರ್ಧ ಹೊಲಿದು ನಿಲ್ಲಿಸಿದ್ದ. ಅವಳು ಅದನ್ನು ಬೆರಳಿನಲ್ಲಿ ಉರುಳಿಸಿ, ತುದಿ ಹುಡುಕಿ, ಅಳತೆಗೆ ಕತ್ತರಿಸಿ ಕೊಟ್ಟಳು.

ಹನ್ನೆರಡು ತುಂಡು. ಕುದುರೆ ಲಾಳದಂತೆ ಬಗ್ಗಿಸಿ, ಇದ್ದಿಲ ಪುಡಿ ತುಂಬಿದ ಕಬ್ಬಿಣದ ಡಬ್ಬಿಯಲ್ಲಿ ಹೂತು, ಸಂದಿಗೆ ಜೇಡಿಮಣ್ಣು ಮೆತ್ತಿ, ಗುರುಶಾಂತಪ್ಪನವರು ಅದನ್ನು ಇಡೀ ದಿನ ಬೆಂಕಿಯಲ್ಲಿಟ್ಟರು. ಗುರುವಾರ ಬೆಳಿಗ್ಗೆ ಡಬ್ಬಿ ಬಿಚ್ಚಿದರು. ಎಂಟು ಪುಡಿಯಾಗಿದ್ದವು. ನಾಲ್ಕು ಕರಿಯ ಲಾಳಗಳು ಉಳಿದಿದ್ದವು. ಊದಿದರೆ ಇಲ್ಲ ಎನ್ನುವಂತಿದ್ದವು.

“ಇಷ್ಟೇ ಇರೋದು. ನಿಮ್ಮ ಕೈಯಲ್ಲಿ ಆಗದಿದ್ರೆ ಇನ್ಯಾರ ಕೈಯಲ್ಲೂ ಆಗಲ್ಲ,” ಎಂದು ಹತ್ತಿ ಹಾಸಿದ ತಟ್ಟೆಯನ್ನು ಅವಳ ಮುಂದಿಟ್ಟು ಹೋದರು.

ಈಶ್ವರಮ್ಮ ಉಗುರನ್ನು ತಂತಿ ಕಾಲಿಗೆ ಒತ್ತಿದಳು. ಚಿಮಟದಲ್ಲಿ ಮೊದಲನೆಯದನ್ನು ಎತ್ತಿದಳು. ಅದು ಪುಟಿಯಲಿಲ್ಲ. ಚಿಮಟದಲ್ಲಿ ಏನಾದರೂ ಇದೆಯೋ ಇಲ್ಲವೋ ಎಂದೇ ತಿಳಿಯಲಿಲ್ಲ. ಉಗುರಿಗೆ ತಾಗಿದ್ದು ಗೊತ್ತಾಗುವ ಹೊತ್ತಿಗೆ ಅದು ಉಗುರಿನ ಮೇಲೆ ಮಸಿಯಾಗಿತ್ತು.

ಎರಡನೆಯದಕ್ಕೆ ಕತ್ತನ್ನು ಓರೆ ಮಾಡಿ, ಕಣ್ಣಿನ ಅಂಚಿನಿಂದ ಹಿಡಿಯಲು ನೋಡಿದಳು. ಅಂಚಿನಲ್ಲಿ ಕಂಡದ್ದು ಎಲ್ಲಿದೆ ಎಂದು ಗುರಿ ಸಿಗಲಿಲ್ಲ. ಅದೂ ಹೋಯಿತು. ಲೋಹದ ನರ ಆರು ತಿಂಗಳು ಅವಳ ಗುಟ್ಟು ಕಾಪಾಡಿತ್ತು. ಮುಟ್ಟಿಸಿಕೊಳ್ಳುತ್ತಿತ್ತು, ಬಾಗುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು. ಸುಟ್ಟ ದಾರ ಬೆರಳನ್ನು ಸಹಿಸಲಿಲ್ಲ. ಅದಕ್ಕೆ ಕಣ್ಣೇ ಬೇಕಿತ್ತು.

ಮಧ್ಯಾಹ್ನ ಎಲ್ಲರೂ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚಿದಾಗ ಅವಳು ಏಳಲಿಲ್ಲ. ಎಲ್ಲಮ್ಮ ಕರೆಯಲು ಬಂದವಳು ಹಿಂದೆಯೇ ನಿಂತು ನೋಡಿದಳು. ಮೂರನೆಯದು ತಟ್ಟೆಯಿಂದ ಎತ್ತುವಾಗಲೇ ಮುರಿಯಿತು. ಈಶ್ವರಮ್ಮನ ಚಿಮಟ ಮಾತ್ರ ಖಾಲಿಯಾಗಿಯೇ ತಂತಿ ಕಾಲಿನ ತನಕ ಬಂತು, ಅದುಮಿತು, ಹಿಂದೆ ಸರಿಯಿತು.

“ಅಕ್ಕಾ,” ಎಂದಳು ಎಲ್ಲಮ್ಮ. “ಚಿಮಟದಲ್ಲಿ ಏನೂ ಇರಲಿಲ್ಲ ಕಣಕ್ಕ.”

ಈಶ್ವರಮ್ಮ ತಿರುಗಲಿಲ್ಲ.

“ಕಣ್ಣು ಕಾಣಲ್ವಾ ನಿಂಗೆ?”

“ಮೆತ್ತಗೆ ಮಾತಾಡೇ.”

“ಯಾವತ್ತಿಂದ?”

“ಯುಗಾದಿಯಿಂದ. ಯಾರಿಗಾದ್ರೂ ಅಂದ್ಯೋ, ನಿನ್ನ ಮುಖ ನೋಡಲ್ಲ ನಾನು.” ಹಾಗೆಂದ ಮೇಲೆ ತಾನು ಏನು ಹೇಳಿದೆ ಎಂಬುದು ಅವಳಿಗೇ ಹೊಳೆಯಿತು. ಎಲ್ಲಮ್ಮನ ಮುಖವನ್ನು ಅವಳು ನೋಡಿ ಆರು ತಿಂಗಳಾಗಿತ್ತು.

ಎಲ್ಲಮ್ಮ ಅವಳನ್ನು ತೋಳು ಹಿಡಿದು ಎಬ್ಬಿಸಿ, ತಾನು ಸ್ಟೂಲಿನ ಮೇಲೆ ಕೂತಳು. “ಹೇಳಿಕೊಡು. ಕೈ ಹೆಂಗೆ ಇಟ್ಕೋಬೇಕು?”

“ಮೊಣಕೈ ಮೇಜಿನ ಮೇಲಿರಲಿ. ಉಸಿರು ತಗೊಂಡು ಅರ್ಧ ಬಿಡು, ಅರ್ಧ ಹಿಡಿ. ಈಗ ಎತ್ತು. ನೀನು ದಾರದ ಹತ್ತಿರ ಹೋಗ್ಬೇಡ, ಕಾಂಡವನ್ನೇ ದಾರದ ಹತ್ತಿರ ತಗೊಂಡು ಬಾ.”

“ಬಂತು.”

“ಮಸಿ ಕಲಸಿದ ಅಂಟು ಒಂದೊಂದು ಚುಕ್ಕೆ ಇಡು ಎರಡೂ ಕಾಲಿಗೆ. ಅದುಮಬೇಡ, ಕೂರಿಸು ಅಷ್ಟೆ. ಮಗು ಮಲಗಿಸ್ದಂಗೆ.”

“ಕೂತ್ಕೊಂತು ಅಕ್ಕಾ. ಕೂತ್ಕೊಂಡೇಬಿಡ್ತು.”

ಈಶ್ವರಮ್ಮ ಅವಳ ಭುಜದ ಮೇಲಿಟ್ಟಿದ್ದ ಕೈಯನ್ನು ತೆಗೆದಳು. ಯಾರೂ ಬರುವ ಮುಂಚೆ ಇಬ್ಬರೂ ಜಾಗ ಬದಲಾಯಿಸಿಕೊಂಡರು. ಸಂಜೆಯೊಳಗೆ ಗಾಜಿನ ಬುರುಡೆ ಅದರ ಮೇಲೆ ಕೂತು, ಬೆಂಕಿಯಲ್ಲಿ ಅಂಟಿ, ಪಂಪಿಗೆ ಹೋಯಿತು. ಗುರುಶಾಂತಪ್ಪನವರು ಅದನ್ನು ಎತ್ತಿ ಹಿಡಿದು, “ನಾನು ಹೇಳ್ಲಿಲ್ವಾ?” ಎಂದು ಶೆಡ್ಡಿಗೆಲ್ಲ ತೋರಿಸಿದರು. ಈಶ್ವರಮ್ಮ ತಲೆ ತಗ್ಗಿಸಿದ್ದನ್ನು ಎಲ್ಲರೂ ಸಂಕೋಚ ಎಂದುಕೊಂಡರು.

ಶುಕ್ರವಾರ ಹತ್ತು ಗಂಟೆಗೆ ಶೆಡ್ಡು ತೊಳೆದು ರಂಗೋಲಿ ಬಿಟ್ಟರು. ಮರದ ಹಲಗೆಯ ಮೇಲೆ ಬುರುಡೆ ನಿಲ್ಲಿಸಿ, ಸುತ್ತ ಸೇವಂತಿಗೆ ಇಟ್ಟರು. ಅಕ್ಕಯಮ್ಮ ಗಾಜಿಗೆ ಕುಂಕುಮ ಹಚ್ಚಲು ಹೋಗಿ ಬೈಸಿಕೊಂಡು, ಹಲಗೆಗೇ ಹಚ್ಚಿದಳು. ತೆಂಗಿನಕಾಯಿ ಒಡೆದಾಯಿತು. ಈಶ್ವರಮ್ಮನಿಗೆ ಕೊಡಲು ಒಂದು ಸೀರೆಯೂ ತಟ್ಟೆಯಲ್ಲಿತ್ತು. ಅವಳನ್ನು ಎಲ್ಲರಿಗಿಂತ ಮುಂದೆ, ಬುರುಡೆಯ ಎದುರಿಗೇ ನಿಲ್ಲಿಸಿದರು. ಎಲ್ಲಮ್ಮ ಅವಳಿಗೆ ಅಂಟಿಕೊಂಡೇ ನಿಂತಳು.

“ಮೊದಲು ಸಣ್ಣಗೆ ಕೊಡ್ತೀನಿ,” ಎಂದರು ಗುರುಶಾಂತಪ್ಪನವರು, ರೆಗ್ಯುಲೇಟರಿನ ಹಿಡಿ ಹಿಡಿದು. “ಒಂದೇ ಸಲಕ್ಕೆ ಪೂರ್ತಿ ಕೊಟ್ರೆ ತಡಕೊಳ್ಳಲ್ಲ. ನಿಧಾನವಾಗಿ ದೊಡ್ಡದು ಮಾಡ್ತಾ ಹೋಗ್ತೀನಿ.”

ಹಿಡಿ ತಿರುಗಿತು. ರೆಗ್ಯುಲೇಟರಿನ ಪೆಟ್ಟಿಗೆ ಗುಂಯ್ ಎಂದಿತು. “ಅಗೋ!” ಎಂದು ಯಾರೋ ಉಸಿರೆಳೆದರು. “ಊದುಬತ್ತಿ ತುದಿ ಇದ್ದಂಗಿದೆ,” ಎಂದಳು ಅಕ್ಕಯಮ್ಮ. ಸ್ವಲ್ಪ ಹೊತ್ತಿಗೆ, “ಈಗ ಹರಳೆಣ್ಣೆ ದೀಪ ಇದ್ದಂಗೆ,” ಎಂದಳು. ಅವಳ ದನಿಯಲ್ಲಿ ಕುಚೋದ್ಯ ಇರಲಿಲ್ಲ.

ಈಶ್ವರಮ್ಮ ಕೈ ಮುಗಿದು ನೆಟ್ಟಗೆ ನೋಡುತ್ತಿದ್ದಳು. ಬುರುಡೆ ಇರಬೇಕಾದ ಕಡೆ ಬೂದಿಯ ಬಣ್ಣದ ಕಲೆ ಇತ್ತು. ಮುಖವನ್ನು ಒಂದು ಚೂರು ಓರೆ ಮಾಡಿದ್ದರೆ ಕಣ್ಣಿನ ಅಂಚಿಗೆ ಆ ಕೆಂಪು ಗೆರೆ ಸಿಗುತ್ತಿತ್ತು. ಗಂಡನ ದಾರ ಉರಿಯುವುದನ್ನು ನೋಡಬೇಕೆಂಬ ಆಸೆ ಅವಳ ಕತ್ತಿನ ತನಕ ಬಂದಿತ್ತು. ಆದರೆ ಎಲ್ಲರೂ ಸುತ್ತ ನಿಂತಿದ್ದಾರೆ, ಎದುರಿಗಿದ್ದದ್ದನ್ನು ಬಿಟ್ಟು ಗೋಡೆ ನೋಡುತ್ತಾಳಲ್ಲ ಎನ್ನುತ್ತಾರೆ. ಅವಳು ಕತ್ತು ತಿರುಗಿಸಲಿಲ್ಲ.

“ಇನ್ನು ಸ್ವಲ್ಪ ದೊಡ್ಡದು ಮಾಡ್ತೀನಿ,” ಎಂದರು ಯಜಮಾನರು.

ಪೆಟ್ಟಿಗೆಯ ಗುಂಯ್ ಸದ್ದು ಏರಿತು. ಯಾರೂ ಮಾತಾಡಲಿಲ್ಲ. ಪಕ್ಕದಲ್ಲಿ ಎಲ್ಲಮ್ಮ ಸಣ್ಣ ದನಿಯಲ್ಲಿ, “ದೊಡ್ಡದಾಯ್ತು,” ಎಂದಳು.

ಈಶ್ವರಮ್ಮನ ಮುಖ ಅರಳಿತು. “ಹೂಂ ಸಾರ್,” ಎಂದಳು ಎಲ್ಲರಿಗೂ ಕೇಳುವಂತೆ. “ಚೆನ್ನಾಗಿ ಉರೀತಾ ಇದೆ. ಇಷ್ಟಕ್ಕೇ ನಿಲ್ಸಿ, ಕಣ್ತುಂಬ ನೋಡೋಣ.”

ಅಕ್ಕಯಮ್ಮ ಮೊದಲು ನಕ್ಕಳು. “ಏನಕ್ಕ, ನೀನೂ ಬುರುಡೆ ಬಿಡೋದು ಕಲಿತ್ಯಾ?” ನಗು ಅರ್ಧಕ್ಕೇ ನಿಂತಿತು. ಈಶ್ವರಮ್ಮ ಇನ್ನೂ ಕೈ ಮುಗಿದೇ ಇದ್ದಳು, ಕಪ್ಪಾಗಿ ಹೋದ ಗಾಜಿಗೆ.

ಪೆಟ್ಟಿಗೆಯ ಸದ್ದು ನಿಂತಿತು. “ಈಶ್ವರಮ್ಮ,” ಎಂದರು ಗುರುಶಾಂತಪ್ಪನವರು. ಅವರ ದನಿ ಬೇರೆಯಾಗಿತ್ತು. “ಬಲ್ಬು ಉರೀತಾ ಇದೆಯಾ?”

ಆಗ ಅವಳಿಗೆ ಎಲ್ಲಮ್ಮ ಆಡಿದ ಮಾತು ಅದರ ನಿಜವಾದ ಅರ್ಥದಲ್ಲಿ ಕೇಳಿಸಿತು. ಬೆನ್ನಿಗೆ ಗುದ್ದಿ ತಾನೇ ಕಲಿಸಿದ ಮಾತು. ಹನ್ನೊಂದು ವರ್ಷ ದಿನಕ್ಕೆ ಹತ್ತು ಸಲ ಕೇಳಿದ ಮಾತು. ಯಜಮಾನರ “ದೊಡ್ಡದು ಮಾಡ್ತೀನಿ” ಎಂಬ ಮಾತಿನ ಜೊತೆ ಅದನ್ನು ಸೇರಿಸಿಕೊಂಡುಬಿಟ್ಟಿದ್ದಳು. ಬೆಳಕು ಬೇಕು ಬೇಕು ಎಂದು ಕಾದಿದ್ದ ಮನಸ್ಸಿಗೆ ಬೇರೆ ಅರ್ಥ ಹೊಳೆಯಲೇ ಇಲ್ಲ. ಕೈಗಳನ್ನು ಮೆಲ್ಲಗೆ ಇಳಿಸಿದಳು.

ಎಲ್ಲಮ್ಮ ಅಳತೊಡಗಿದಳು. “ಅಕ್ಕಂಗೆ ಬಿಸಿಲು ಹೊಡೆದಿದೆ ಸಾರ್. ಕಟ್ಟಿದ್ದು ಅಕ್ಕನೇ. ನಾನು ನೋಡಿದೀನಿ.”

“ಸುಳ್ಳು ಹೇಳ್ಬೇಡ ಕಣೇ,” ಎಂದಳು ಈಶ್ವರಮ್ಮ. “ಇವಳೇ ಕಟ್ಟಿದ್ದು ಸಾರ್. ಒಂದೇ ಸಲಕ್ಕೆ ಕೂರಿಸಿದ್ಲು. ಮೂರು ಹಾಳು ಮಾಡಿದ್ದು ನಾನು. ಆ ಸೀರೆ ಇವಳಿಗೆ ಕೊಡಿ.”

“ಯಾವತ್ತಿಂದ ಹೀಗೆ?”

“ಯುಗಾದಿಯಿಂದ.”

“ಯುಗಾದಿಯಿಂದ ಕಣ್ಣಿಲ್ಲದೇ ಕಟ್ಟಿದ್ರಾ?” ಅವರು ರೆಗ್ಯುಲೇಟರಿನ ಮೇಲೆ ಕೈ ಊರಿ ನಿಂತರು. “ನಿಮ್ಮ ಮೇಜಿನ ಒಂದು ಬಲ್ಬೂ ತಿರುಗಿ ಬಂದಿಲ್ಲವಲ್ಲಮ್ಮ.”

“ಬೆರಳಿತ್ತಲ್ಲ ಸಾರ್.”

ಅವರು ಸೀರೆಯ ತಟ್ಟೆಯನ್ನು ಈಶ್ವರಮ್ಮನ ಕೈಗೇ ಕೊಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. “ಇನ್ನು ಕಿಟಕಿ ಹತ್ತಿರ ಬೇಡಮ್ಮ,” ಎಂದರು. “ಉಳಿದಿರೋ ಅಷ್ಟನ್ನ ಉಳಿಸ್ಕೊಳ್ಳಿ. ಪ್ಯಾಕಿಂಗ್‌ನಲ್ಲಿ ಕೂತ್ಕೊಳ್ಳಿ, ಎಷ್ಟು ವರ್ಷ ಬೇಕಾದ್ರೂ.” ಒಳ್ಳೆಯ ಮಾತೇ. ಅವಳು ತಲೆಯಾಡಿಸಿದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಚಿಮಟ ತೆಗೆದು ಸೇವಂತಿಗೆ ಹೂವಿನ ಪಕ್ಕ ಇಟ್ಟಳು.

ಹಬ್ಬ ಮುಗಿದು ಶೆಡ್ಡು ತೆರೆದ ದಿನ ಅವಳು ಎಲ್ಲರಿಗಿಂತ ಮುಂಚೆ ಬಂದಳು. ಕಿಟಕಿಯ ಕಡೆ ಹೋಗಲಿಲ್ಲ. ಗೋಡೆಯ ಪಕ್ಕ ಗೋಣಿತಾಟು ಹಾಸಿಕೊಂಡು, ಬುರುಡೆಗಳಿಗೆ ರಟ್ಟು ಸುತ್ತತೊಡಗಿದಳು. ಎಲ್ಲಮ್ಮ ಬಂದು ಸ್ಟೂಲಿನ ಪಕ್ಕ ನಿಂತೇ ಇದ್ದಳು.

“ಕೂತ್ಕೊಳ್ಳೇ.”

“ನನ್ ಕೈಲಿ ಆಗಲ್ಲ ಅಕ್ಕ.”

“ಯಾರಾದ್ರೂ ಕೂರಬೇಕಲ್ಲ. ಬೆಳಕು ಸುಮ್ನೆ ಹೋಗ್ತಾ ಇದೆ. ಕೂತ್ಕೋ.” ಸ್ಟೂಲು ಕಿರ್ ಎಂದದ್ದು ಕೇಳಿದ ಮೇಲೆ, “ಕಟ್ಟಿದ್ದನ್ನ ಹೊತ್ತಿಸಿ ನೋಡಕ್ಕೆ ಹೋಗ್ಬೇಡ. ಅಕ್ಕಯಮ್ಮ ನೋಡ್ಕೊಳ್ತಾಳೆ,” ಎಂದಳು.

ಸುತ್ತುವ ಮುಂಚೆ ಒಂದೊಂದನ್ನೂ ಕಿವಿಯ ಹತ್ತಿರ ಅಲುಗಿಸಿ ನೋಡುವುದು ಅವಳಿಗೆ ತಾನಾಗಿಯೇ ಬಂತು. ನರ ಮುರಿದಿದ್ದರೆ ಒಳಗೆ ಚಿಣ್ ಎನ್ನುತ್ತದೆ, ಗೆಜ್ಜೆಯ ಒಂದೇ ಕಾಳಿನಂತೆ. ಮಧ್ಯಾಹ್ನದೊಳಗೆ ಪರೀಕ್ಷೆ ದಾಟಿ ಬಂದಿದ್ದ ಎರಡನ್ನು ಹಾಗೆ ಹಿಡಿದಳು. “ನಿನ್ನ ಕಿವಿಗೆ ದೃಷ್ಟಿ ತೆಗೀಬೇಕು,” ಎಂದಳು ಅಕ್ಕಯಮ್ಮ. ಅವಳ ಮಾತು ಆ ದಿನಗಳಲ್ಲಿ ಬಹಳ ಮೆತ್ತಗಾಗಿತ್ತು.

ಸಂಜೆ ಹೊರಡುವಾಗ ಗುರುಶಾಂತಪ್ಪನವರು ದಾರದ ಬುರುಡೆಯನ್ನು ಕಾಗದದಲ್ಲಿ ಸುತ್ತಿ ತಂದರು. “ಇದು ನಿಮ್ಮ ಮನೇಲಿರಲಿ ಈಶ್ವರಮ್ಮ. ದಾರ ನಿಮ್ಮದಲ್ವಾ?”

ಅರೆಕೆರೆಯ ಬಸ್ಸಿನಲ್ಲಿ ಅದು ಅವಳ ಮಡಿಲಲ್ಲಿತ್ತು. ಕಂಡಕ್ಟರು ಎಂದಿನಂತೆ, “ಏನಮ್ಮ, ಎಷ್ಟು ಬುರುಡೆ ಬಿಟ್ರಿ ಇವತ್ತು?” ಎಂದ. ಅವಳು ಚಿಲ್ಲರೆ ಕೊಟ್ಟು, ಟಿಕೇಟು ಮಡಿಸಿ ಬಳೆಯೊಳಗೆ ಸಿಕ್ಕಿಸಿಕೊಂಡಳು. ಅವನು ಸ್ವಲ್ಪ ಹೊತ್ತು ನಿಂತು ಮುಂದೆ ಹೋದ.

ಅವಳು ಕಾಗದ ಬಿಡಿಸಿ ಬುರುಡೆಯನ್ನು ಕೈಗೆ ತೆಗೆದುಕೊಂಡಳು. ಮುಖವನ್ನು ಓರೆ ಮಾಡಿದಳು. ಈಗ ಯಾರು ನೋಡಿದರೂ ಚಿಂತೆಯಿರಲಿಲ್ಲ. ಕಣ್ಣಿನ ಅಂಚಿನಲ್ಲಿ ಒಂದು ಕಪ್ಪು ಗಾಜು ಕಂಡಿತು, ಒಳಗಿನದು ಕಾಣಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. ಬಸ್ಸು ಗುಂಡಿಯಲ್ಲಿ ಇಳಿದು ಹತ್ತಿತು. ಅದು ನಿಂತಾಗ ಇನ್ನೊಮ್ಮೆ ಅಲುಗಿಸಿದಳು. ತಂತಿಯಾಗಿದ್ದರೆ ಚಿಣ್ ಎನ್ನುತ್ತಿತ್ತು. ಪಿಳ್ಳಣ್ಣನ ದಾರ ಪೂರ್ತಿ ಮಸಿಯಾಗಿ ಗಾಜಿಗೆ ಮೆತ್ತಿಕೊಂಡಿತ್ತು. ಒಳಗಿನಿಂದ ಯಾವ ಸದ್ದೂ ಬರಲಿಲ್ಲ.